ಅತ್ತೆಯ ಡಾಕ್ಟರು ನಿವೃತ್ತರಾದರು

ಅತ್ತೆಯನ್ನು ಇಷ್ಟು ವರ್ಷ ನೋಡಿದ ನರರೋಗ ತಜ್ಞರು ಈ ತಿಂಗಳು ನಿವೃತ್ತರಾದರು. ಶಿರಸಿಯಿಂದ ಹುಬ್ಬಳ್ಳಿಗೆ ಅವರನ್ನು ಕಾಣಲೆಂದೇ ಹೋಗುತ್ತಿದ್ದೆವು.

ವಯಸ್ಸಾದವರು ಮರೆಯತೊಡಗಿದರೆ ‘ಅರಳು ಮರಳು’ ಎಂದು ಊರು ಸುಮ್ಮನಾಗಿಬಿಡುತ್ತದೆ. ಡಾಕ್ಟರು ಹಾಗೆ ಬಿಡಲಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಥೈರಾಯ್ಡ್ ತೊಂದರೆಯಿಂದಲೋ ಬಿ12 ಕೊರತೆಯಿಂದಲೋ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸಬಹುದಂತೆ. ನಮಗದು ಗೊತ್ತೇ ಇರಲಿಲ್ಲ. ಅತ್ತೆಯದು ಆಲ್ಝೈಮರ್ ಎಂದಾದಾಗ, ಮಾತ್ರೆಯಿಂದ ಗುಣವಾಗುವುದಿಲ್ಲ, ಕೆಲಕಾಲ ಆಸರೆಯಾಗಬಹುದಷ್ಟೇ ಎಂದು ನೇರವಾಗಿ ಹೇಳಿದರು. ಆಮೇಲೆ ನಮ್ಮತ್ತ ನೋಡದೆ ಅತ್ತೆಯನ್ನೇ ಕೇಳಿದರು: ‘ಅಮ್ಮಾ, ಅಪ್ಪೆಹುಳಿ ಹೇಗೆ ಮಾಡುತ್ತೀರಿ?’ ಅತ್ತೆ ಉತ್ಸಾಹದಿಂದ ಶುರುಮಾಡಿ ಒಗ್ಗರಣೆಯ ಹತ್ತಿರ ತಡವರಿಸಿದರು. ನಾನು ಬಾಯಿ ಹಾಕಲು ಹೋದೆ. ಡಾಕ್ಟರು ಕೈಯೆತ್ತಿ ತಡೆದರು, ತಾವು ಕಾದರು.

ಜರ್ಮನ್ ವೈದ್ಯ ಅಲೋಯಿಸ್ ಆಲ್ಝೈಮರ್ ಈ ಕಾಯಿಲೆಯನ್ನು ವಿವರಿಸಿದ್ದು 1906ರಲ್ಲಿ. ನೂರು ವರ್ಷ ದಾಟಿದರೂ ಇದನ್ನು ಗುಣಪಡಿಸುವ ಔಷಧ ಬಂದಿಲ್ಲ. ವಾಸಿಯಾಗದವರ ಜೊತೆಗೇ ವೃತ್ತಿಜೀವನ ಕಳೆಯಲು ಎಂಥ ಮನಸ್ಸು ಬೇಕು! ಹೋದಾಗಲೆಲ್ಲ ‘ನೀವು ನಿದ್ದೆ ಮಾಡುತ್ತಿದ್ದೀರಾ?’ ಎಂದು ನನ್ನನ್ನೂ ಕೇಳುತ್ತಿದ್ದರು. ಬೇರೆ ಯಾರೂ ಕೇಳಿದ್ದಿಲ್ಲ.

ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವ ಊರುಗಳು ನಮ್ಮವು. ಅಲ್ಲಿ ಯಾರಾದರೂ ಕೇಳಿದ್ದನ್ನೇ ಕೇಳುತ್ತಿದ್ದರೆ, ದಿನವೂ ನಡೆದ ದಾರಿಯಲ್ಲೇ ಗೊಂದಲಗೊಂಡರೆ, ದಯವಿಟ್ಟು ಬೇಗ ವೈದ್ಯರಿಗೆ ತೋರಿಸಿ.