ಹಿಂದಕ್ಕಲ್ಲ ಅಕ್ಕ, ಮುಂದಕ್ಕೆ

“ಹಿಂದಕ್ಕಲ್ಲ ಅಕ್ಕ, ಮುಂದಕ್ಕೆ” ಅಂದರು ಆಕೆ. ಭಾನುವಾರ ಸಂಜೆಯ ಮಾತು. ಅನ್ನಕ್ಕೆ ಎಸರಿಡುವಾಗ, ರಾತ್ರಿ ಬಾಗಿಲ ಚಿಲಕ ಹಾಕುವಾಗ ಇನ್ನೂ ಅದೇ ಕೇಳಿಸುತ್ತಿದೆ.

ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಒಬ್ಬರ ಮನೆ ಮಹಡಿಯ ಮೇಲೆ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ರೇ ಬ್ರಾಡ್‌ಬರಿಯ ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’, 1962ರ ಕಾದಂಬರಿ. ಆರಿಸಿದವಳು ನಾನೇ. ಹಾಸನಾಂಬೆಯ ಬಾಗಿಲು ತೆಗೆದ ವಾರ, ಊರೆಲ್ಲ ಪರಊರಿನ ಜನ, ಸಂಜೆಯಾದರೆ ಗುಡುಗು ಸಿಡಿಲಿನ ಸ್ವಾತಿ ಮಳೆ. ಅಕ್ಟೋಬರ್ ಕೊನೆಯಲ್ಲಿ, ಸಿಡಿಲಿನ ಮೋಡದ ಹಿಂದೆಯೇ ಒಂದು ಸಣ್ಣ ಊರಿಗೆ ಬಂದಿಳಿಯುವ ಕಾರ್ನಿವಲ್‌ನ, ಅಂದರೆ ಊರೂರು ಸುತ್ತುವ ಆಟ ತಮಾಷೆಯ ಮೇಳದ ಕತೆ ಕೇಳಲು ಇದಕ್ಕಿಂತ ಒಳ್ಳೆ ಹೊತ್ತು ಯಾವುದು? ಇಂಗ್ಲಿಷ್ ಓದುವವರು ಓದಿಕೊಂಡು ಬಂದಿದ್ದರು. ಉಳಿದವರನ್ನು ಮೊದಲೇ ಕೂರಿಸಿಕೊಂಡು ಕತೆ ಪೂರ್ತಿ ಹೇಳಿದ್ದೆ.

ಅಮೆರಿಕದ ಇಲಿನಾಯ್ ರಾಜ್ಯದ ಗ್ರೀನ್ ಟೌನ್ ಎಂಬ ಊರು. ಅಕ್ಕಪಕ್ಕದ ಮನೆಯ ಹುಡುಗರು ವಿಲ್ ಮತ್ತು ಜಿಮ್. ಬೆಳಗಿನ ಜಾವ ಮೂರು ಗಂಟೆಗೆ ರೈಲಿನಲ್ಲಿ ಬರುವ ಕಾರ್ನಿವಲ್, ಅದರ ಯಜಮಾನ ಮೈತುಂಬ ಹಚ್ಚೆಯ ಮಿಸ್ಟರ್ ಡಾರ್ಕ್. ಅಲ್ಲೊಂದು ಕುದುರೆಗಳ ಮೆರ್ರಿ ಗೋ ರೌಂಡ್ ಇದೆ. ಹಿಂದಕ್ಕೆ ತಿರುಗಿದರೆ ಸುತ್ತಿಗೊಂದು ವರ್ಷ ವಯಸ್ಸು ಇಳಿಯುತ್ತದೆ, ಮುಂದಕ್ಕೆ ತಿರುಗಿದರೆ ಏರುತ್ತದೆ. ಯಾರಿಗೆ ಏನು ಬೇಕೋ ಅದು ಡಾರ್ಕ್‌ಗೆ ಅವರು ಬಾಯಿ ಬಿಡುವ ಮೊದಲೇ ಗೊತ್ತು.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಮೊದಲು ಶುರುಮಾಡಿದರು. “ಇದರಲ್ಲಿ ಒಗ್ಗರಣೆ ಜಾಸ್ತಿ, ಸಾರೇ ಇಲ್ಲ. ಗಾಳಿ ಬೀಸಿತು ಅನ್ನೋದಕ್ಕೆ ಅರ್ಧ ಪುಟ ಬೇಕಾ ಮೇಡಂ?” ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಲೈಬ್ರರಿಯಲ್ಲಿ ವಿಲ್‌ನ ಅಪ್ಪ ಒಳ್ಳೆಯತನ, ಕೆಟ್ಟತನ ಅಂತ ಹುಡುಗರಿಗೆ ಹೇಳುತ್ತಲೇ ಹೋಗುವ ಕಡೆ ನನಗೂ ದಣಿವಾಗಿದೆ. ಆದರೆ ಈ ಮನುಷ್ಯ ಪ್ರತಿ ಪುಸ್ತಕಕ್ಕೂ ಇದನ್ನೇ ಹೇಳುತ್ತಾರೆ. ಕತೆ ಎಲ್ಲಿ ಮುಟ್ಟಿತು ಅಂತ ಒಂದು ದಿನವೂ ಹೇಳಿದವರಲ್ಲ. ಹೈಸ್ಕೂಲಿನ ಮೇಡಂ ಒಬ್ಬರಿಗೆ ಕೊನೆ ಒಪ್ಪಿಗೆಯಾಗಿಲ್ಲ. ನಕ್ಕರೆ ಕೇಡು ಸಾಯುತ್ತದೆ ಅಂದರೆ ನಂಬೋದು ಹೇಗೆ ಅಂತ ಅವರ ವಾದ. ನಾನು ಅದನ್ನು ಒಪ್ಪಲಿಲ್ಲ. ಆ ಅಪ್ಪ ಚಾರ್ಲ್ಸ್‌ಗೆ ಐವತ್ತನಾಲ್ಕು ವಯಸ್ಸು, ಲೈಬ್ರರಿಯ ಕಸ ಗುಡಿಸುವ ಕೆಲಸ. ಮಗನ ಜೊತೆ ಓಡಲಾಗದ ಮುದುಕನಾದೆನಲ್ಲ ಎಂಬುದೇ ಅವನ ಕೊರಗು. ಅಂಥವನು ತನ್ನ ಎದೆಬಡಿತ ನಿಲ್ಲಿಸಲು ಬಂದ ಕಾರ್ನಿವಲ್‌ನ ಮಾಟಗಾತಿಯ ಮುಖ ನೋಡಿ ನಗುತ್ತಾನೆ ಅಂದರೆ ಅದು ಸುಲಭದ ನಗುವಲ್ಲ. ಇಂಜಿನಿಯರಿಂಗ್ ಓದುವ ಹುಡುಗ ಮಾತ್ರ “ಹೆದರಿಕೆನೇ ಆಗ್ಲಿಲ್ಲ ಮೇಡಂ, ಒಂದು ಕಡೆನೂ ಮೈ ಜುಂ ಅನ್ನಲಿಲ್ಲ” ಅಂದ. ಇಪ್ಪತ್ತರ ಹುಡುಗ. ಆ ಕುದುರೆಗಳ ಹತ್ತಿರ ಕೇಳಲು ಅವನಿಗಿನ್ನೂ ಏನೂ ಇಲ್ಲ.

ಅದಕ್ಕೇ ನಾನು ಮಾತು ತಿರುಗಿಸಿದೆ. ಆ ಕುದುರೆ ನಿಮ್ಮ ಮುಂದೆ ಬಂದು ನಿಂತರೆ ಹತ್ತುತ್ತೀರಾ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಮ್ಯಾನೇಜರ್‌ಗೆ ಮಂಡಿ ನೋವಿಲ್ಲದ ಕಾಲ ಬೇಕಂತೆ. ಹೈಸ್ಕೂಲ್ ಮೇಡಂಗೆ ಅಮ್ಮ ಬದುಕಿದ್ದ ಕಾಲ. ಗೋಡೆಗೆ ಒರಗಿ ಕೂತಿದ್ದ, ಬ್ಲೌಸ್ ಹೊಲಿಯುವಾಕೆಯ ಸರದಿ ಬಂತು. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಚಿಕ್ಕ ಅಂಗಡಿ ಅವರದು. ದೀಪಾವಳಿ ಮುಂದಿರುವಾಗ ಟೈಲರ್‌ಗಳಿಗೆ ಉಸಿರಾಡಲು ಪುರುಸೊತ್ತಿರಲ್ಲ, ಆದರೂ ಬಂದಿದ್ದರು. ಸೆರಗಿನ ಮೇಲೆ ಕೆಂಪು ದಾರದ ತುಂಡು. ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿ ಕಪ್ಪುಗಟ್ಟಿತ್ತು.

“ನಾನಾದ್ರೆ ಹತ್ಕಂಡ್ ಬಿಡ್ತೀನಿ” ಅಂದರು.

“ಎಷ್ಟು ವರ್ಷ ಹಿಂದಕ್ಕೆ?”

“ಹಿಂದಕ್ಕಲ್ಲ ಅಕ್ಕ, ಮುಂದಕ್ಕೆ. ದೊಡ್ಡೋಳ ಮದ್ವೆ, ಚಿಕ್ಕೋಳ ಓದು, ಸಂಘದ ಸಾಲ, ಎಲ್ಲಾ ಮುಗ್ದಿರ್ಬೇಕು. ಅರವತ್ತಕ್ಕೆ ಇಳ್ಕತೀನಿ.”

ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. “ಹಂಗಾಗಲ್ಲ ಆಂಟಿ. ಅದು ವಯಸ್ಸನ್ನ ಮಾತ್ರ ಮುಂದಕ್ಕೆ ಹಾಕುತ್ತೆ. ಇಳಿದಾಗ ನಿಮಗೆ ಅರವತ್ತು, ಸಾಲ ಹಂಗೇ ಇರುತ್ತೆ. ಹೊಲಿಯೋಕೆ ಕಣ್ಣು ಇರಲ್ಲ” ಅಂದ.

“ಹೌದಲ್ವಾ” ಅಂದರು ಆಕೆ. ಅಷ್ಟೇ. ಮಾತು ಬೇರೆ ಕಡೆ ಹೋಯಿತು, ಚೌಚೌ ಬಾತ್ ಬಂತು, ಮಳೆಯೂ ಬಂತು.

ಹುಡುಗ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಕಾದಂಬರಿಯ ಭಯವನ್ನು ಆ ದಿನ ಅವನಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ, ತನಗೆ ಹೆದರಿಕೆಯೇ ಆಗಲಿಲ್ಲ ಅಂದವನೂ ಅವನೇ. ಮೆರ್ರಿ ಗೋ ರೌಂಡ್ ದೇಹವನ್ನಷ್ಟೇ ತಿರುಗಿಸುತ್ತದೆ, ಲೋಕ ಇದ್ದಲ್ಲೇ ಇರುತ್ತದೆ. ಹುಡುಗರ ಟೀಚರ್ ಮಿಸ್ ಫೋಲಿಗೆ ಆಗುವುದೂ ಇದೇ. ಹರೆಯ ಬೇಕೆಂಬ ಆಸೆಗೆ ಬಿದ್ದವಳು ಪುಟ್ಟ ಹುಡುಗಿಯಾಗಿ ಮರದ ಕೆಳಗೆ ಕೂತು ಅಳುತ್ತಾಳೆ. ಅವಳ ಮನೆ ಅಲ್ಲೇ ಇದೆ, ಅವಳ ಶಾಲೆ ಅಲ್ಲೇ ಇದೆ, ಇವಳೇ ಅವಳು ಅಂತ ನಂಬುವವರು ಇಲ್ಲ. ಗುರುತು ಹಿಡಿದ ಇಬ್ಬರು ಹುಡುಗರಿಗೂ ಅವಳನ್ನು ಉಳಿಸಿಕೊಳ್ಳಲಾಗುವುದಿಲ್ಲ. ಆದರೆ ಸರಿಯಾದ ಮಾತನ್ನು ಯಾರ ಮುಖಕ್ಕೆ, ಯಾವಾಗ ಹೇಳಬೇಕು ಅನ್ನೋದು ಇನ್ನೊಂದು ಲೆಕ್ಕ. ಆಕೆ ಬಡ್ಡಿ ಲೆಕ್ಕ ಕೇಳಿರಲಿಲ್ಲ. ಒಂದು ಗಳಿಗೆ ಆ ಕುದುರೆ ಮೇಲೆ ಕೂತಿದ್ದರು, ಅಷ್ಟೇ.

ಕತೆಯಲ್ಲಿ ಮುಂದಕ್ಕೆ ಹೋಗಬೇಕು ಅನ್ನುವವನು ಜಿಮ್. ಅಪ್ಪ ಇಲ್ಲದ ಹುಡುಗ. ಅದು ಹದಿಹರೆಯದ ಆತುರ ಅಂತಲೇ ನಾನು ಇಷ್ಟು ದಿನ ಓದಿಕೊಂಡು ಬಂದದ್ದು. ನಲವತ್ತು ದಾಟಿದ ಹೆಂಗಸೊಬ್ಬಳು ಜಿಮ್ ಪಕ್ಕ ಹೋಗಿ ನಿಲ್ಲುತ್ತಾಳೆ ಅಂದುಕೊಂಡಿರಲಿಲ್ಲ. ಹಿಂದಕ್ಕೆ ಹೋಗಬೇಕು ಅನ್ನುವವರಿಗೆ ಹಿಂದೆ ಏನೋ ಚೆನ್ನಾಗಿತ್ತು ಅಂತ ಅರ್ಥ. ಮಂಡಿ ಚೆನ್ನಾಗಿತ್ತು, ಅಮ್ಮ ಇದ್ದಳು. ಆಕೆಗೆ ಹಿಂದೆಯೂ ಹೊಲಿಗೆ, ಈಗಲೂ ಹೊಲಿಗೆ. ಬಾಲ್ಯದ ನೆನಪು ಬಂದಾಗಲೆಲ್ಲ ಕಣ್ಣು ತುಂಬಿಕೊಳ್ಳುವುದನ್ನು ದೊಡ್ಡ ಗುಣ ಅಂತ ಕೊಂಡಾಡುತ್ತೇವಲ್ಲ ನಾವು, ಆ ಭಾಗ್ಯ ಎಲ್ಲರ ಪಾಲಿಗೆ ಬಂದದ್ದಲ್ಲ.

ಬ್ರಾಡ್‌ಬರಿಗೂ ಮುಂದಿನ ಬದುಕು ಕಂಡದ್ದು ಕಾರ್ನಿವಲ್‌ನಲ್ಲೇ. 1932ರಲ್ಲಿ, ಅವನಿಗೆ ಹನ್ನೆರಡು ವರ್ಷವಾಗಿದ್ದಾಗ, ಮಿಸ್ಟರ್ ಎಲೆಕ್ಟ್ರಿಕೋ ಎಂಬ ಆಟಗಾರ ಕರೆಂಟು ಹರಿಯುವ ಕತ್ತಿಯನ್ನು ಮುಟ್ಟಿಸಿ ‘ಎಂದೆಂದಿಗೂ ಬದುಕು’ ಅಂದನಂತೆ. ಅದಾದ ಕೆಲವೇ ದಿನಕ್ಕೆ ಬರೆಯಲು ಶುರುಮಾಡಿದೆ, ಮತ್ತೆ ನಿಲ್ಲಿಸಲೇ ಇಲ್ಲ ಅಂತ ಅವನು ಹೇಳಿಕೊಂಡಿದ್ದಾನೆ. ಅದೇ ಕಾರ್ನಿವಲ್ ಮುಂದೆ ಹೀಗೆ ಕೇಡಿನ ರೂಪದಲ್ಲಿ ಕಾದಂಬರಿಗೆ ಬಂತು. ಹುಡುಗನಿಗೆ ವರ ಕೊಟ್ಟ ಜಾಗದಲ್ಲೇ ಟೀಚರಮ್ಮನಿಗೆ ಶಾಪ.

ನಮ್ಮ ಊರಲ್ಲೂ ಒಬ್ಬಳಿದ್ದಾಳಲ್ಲ. ಹಾಸನಾಂಬೆಯ ಗುಡಿಯ ಸೊಸೆ ಕಲ್ಲು. ಅತ್ತೆ ಹೊಡೆದಾಗ ಅಮ್ಮಾ ಕಾಪಾಡು ಅಂದವಳನ್ನು ದೇವಿ ಕಲ್ಲಾಗಿ ತನ್ನ ಮುಂದೆ ಇರು ಅಂದಳಂತೆ. ವರ್ಷಕ್ಕೊಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ನಂಬಿಕೆ. ಚಿಕ್ಕಂದಿನಲ್ಲಿ ನನಗೆ ಕಲಿಯುಗ ಮುಗಿಯುವುದೇ ಭಯ. ಈ ವಾರ ಬೇರೆ ಪ್ರಶ್ನೆ ಕಾಡಿತು. ಬಿಡುಗಡೆ ಕೇಳಿದವಳು ಯಾಕೆ ಕಲ್ಲಾಗಬೇಕು? ಹೊಡೆದ ಅತ್ತೆಗೆ ಏನೂ ಆಗದೆ ಹೋಯಿತಲ್ಲ? ಆದರೂ ದೇವಿಗೂ ಡಾರ್ಕ್‌ಗೂ ಒಂದು ವ್ಯತ್ಯಾಸ ಇದೆ, ಅದನ್ನು ಬಿಟ್ಟು ಮಾತಾಡಬಾರದು. ದೇವಿ ಅವಳನ್ನು ಕಣ್ಣೆದುರಿಗೇ ಇಟ್ಟುಕೊಂಡಳು. ಕಾರ್ನಿವಲ್ ತನ್ನ ಕುದುರೆ ಹತ್ತಿದವರನ್ನು ಆಟದ ಬೊಂಬೆ ಮಾಡಿಕೊಂಡಿತು, ಇಲ್ಲವೇ ಮರದ ಕೆಳಗೆ ಬಿಟ್ಟು ನಡೆಯಿತು.

ನಿನ್ನೆ ಬ್ಲೌಸ್ ಪೀಸ್ ಕೊಡಲು ಅಂಗಡಿಗೆ ಹೋಗಿದ್ದೆ. ಹಬ್ಬದ ಬಟ್ಟೆ ರಾಶಿ ಬಿದ್ದಿತ್ತು. ಹುಡುಗನ ಮಾತಿಗೆ ಬೇಜಾರಾಯ್ತಾ ಅಂದೆ. “ಅಯ್ಯೋ, ಅವನು ಸರಿಯಾಗೇ ಹೇಳ್ದ ಬಿಡಿ” ಅಂತ ಅಳತೆ ಟೇಪು ಕೊರಳಿಗೆ ಹಾಕಿಕೊಂಡರು. ತೋಳಿನ ಅಳತೆ ಬರೆದುಕೊಳ್ಳುತ್ತಾ, “ಆ ಟೀಚರಮ್ಮ, ಚಿಕ್ಕ ಮಗು ಆದೋಳು, ಅವಳನ್ನ ಆಮೇಲೆ ಯಾರು ಮನೆಗೆ ಕರ್ಕಂಡ್ ಹೋದ್ರು ಅಕ್ಕ?” ಅಂದರು.

ಮತ್ತೆ ಟೀಚರಾಗುವ ದೃಶ್ಯ ಪುಸ್ತಕದಲ್ಲಿ ಇಲ್ಲ ಅಂದೆ.

“ಆ ಅಪ್ಪ ಮಗನ್ನ ಉಳಿಸ್ದ, ಮಗನ ಸ್ನೇಹಿತನ್ನ ಉಳಿಸ್ದ. ಇವಳನ್ನ ಕೈ ಹಿಡ್ಕಂಡ್ ಬರೋಕೆ ಒಬ್ರಿಗೂ ಆಗ್ಲಿಲ್ವಾ? ಅಷ್ಟು ಗಾಳಿ ಮಳೆ ಬರ್ದೋರು ಅದೊಂದು ಬರೀಬೇಕಿತ್ತು.”

ಈ ಕಾದಂಬರಿಯ ಬಗ್ಗೆ ನಾನು ಕೇಳಿದ ಎಲ್ಲ ತಕರಾರಿಗಿಂತ ಇದು ಗಟ್ಟಿಯಾದದ್ದು. ಮುಂದಿನ ತಿಂಗಳು ಬೇರೆ ಪುಸ್ತಕ ಅಂತ ಗೊತ್ತುಮಾಡಿದ್ದಾಗಿದೆ. ಅದನ್ನು ತೆಗೆಯುವ ಮೊದಲು ಈ ಪ್ರಶ್ನೆಯನ್ನು ಆಕೆಯ ಬಾಯಲ್ಲೇ ಎಲ್ಲರ ಮುಂದೆ ಕೇಳಿಸಬೇಕು ಅಂತಿದ್ದೇನೆ. ಹುಡುಗನೂ ಇರಬೇಕು, ಮ್ಯಾನೇಜರೂ ಇರಬೇಕು. ಬರುತ್ತೀನಿ, ಹಬ್ಬದ ಆರ್ಡರ್ ಮುಗಿದರೆ ಸಾಕು ಅಂದಿದ್ದಾರೆ.