ಅಂತಿಯೋಕ್ಯದ ಊಟದ ಮೇಜು

ಮಾರ್ಚ್ 21, 2024, ಗುರುವಾರ

ಬೆಳಿಗ್ಗೆ ಬೈಬಲ್ಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯ ಓದಿದೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದರು. ಅವರು ಏನಂದುಕೊಳ್ಳುತ್ತಾರೋ ಅಂತ ಹೆದರಿ ಪೇತ್ರ ಮೆಲ್ಲಗೆ ಹಿಂದೆ ಸರಿದ. ಉಳಿದ ಯೆಹೂದ್ಯ ವಿಶ್ವಾಸಿಗಳೂ ಹಾಗೇ ಮಾಡಿದರು. ಬಾರ್ನಬನಂಥ ಒಳ್ಳೆಯ ಮನುಷ್ಯ ಕೂಡ ಅವರ ಜೊತೆ ಸೇರಿಬಿಟ್ಟ. ಪೌಲ ಮಾತ್ರ ಸುಮ್ಮನಿರಲಿಲ್ಲ. ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ.

ಪೇತ್ರ ಅಲ್ಲಿ ತಪ್ಪು ಬೋಧನೆ ಏನೂ ಮಾಡಿರಲಿಲ್ಲ. ಅನ್ಯಜನರು ಕೀಳು ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಎದ್ದು ಬೇರೆ ಕಡೆ ಕೂತ, ಅಷ್ಟೇ. ಆದರೂ ಪೌಲನಿಗೆ ಅದು ಸುವಾರ್ತೆಯ ಸತ್ಯಕ್ಕೇ ವಿರೋಧವಾಗಿ ಕಂಡಿತು. ಊಟಕ್ಕೆ ಯಾರ ಪಕ್ಕ ಕೂರುತ್ತೀರಿ ಅನ್ನುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿ ಕಾಣಲೇ ಇಲ್ಲ. ಕ್ರಿಸ್ತನು ಸತ್ತದ್ದು ಯಾಕೆ ಅನ್ನುವ ಪ್ರಶ್ನೆಯಾಗಿ ಕಂಡಿತು.

ಇವತ್ತಿನ ತಾರೀಕಿಗೂ ಈ ಓದಿಗೂ ಸಂಬಂಧ ಇದೆ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ, ಕಪ್ಪು ಜನ ಓಡಾಡಲು ಗುರುತಿನ ಪತ್ರ ಇಟ್ಟುಕೊಳ್ಳಲೇಬೇಕು ಅನ್ನುವ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಕಪ್ಪು ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಅದರ ನೆನಪಿಗಾಗಿಯೇ ವಿಶ್ವಸಂಸ್ಥೆ ಈ ದಿನವನ್ನು ಜನಾಂಗೀಯ ತಾರತಮ್ಯದ ವಿರುದ್ಧದ ದಿನ ಎಂದು ಆಚರಿಸುತ್ತದೆ. ನನ್ನನ್ನು ಕಾಡುವ ವಿಷಯ ಬೇರೆ ಇದೆ. ಆ ದೇಶದಲ್ಲಿ ಅಧಿಕಾರದಲ್ಲಿದ್ದವರು ದೇವರನ್ನು ನಂಬದವರಲ್ಲ. ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತಿದ್ದವರು. 1948ರಲ್ಲಿ ಅಪಾರ್ಥೈಡ್ ಅನ್ನು, ಅಂದರೆ ಬಣ್ಣದ ಪ್ರಕಾರ ಜನರನ್ನು ಬೇರೆ ಇಡುವುದನ್ನು, ಸರ್ಕಾರದ ನೀತಿಯಾಗಿ ತಂದ ಪ್ರಧಾನಿ ಡಿ. ಎಫ್. ಮಲಾನ್ ರಾಜಕೀಯಕ್ಕೆ ಬರುವ ಮೊದಲು ಡಚ್ ರಿಫಾರ್ಮ್ಡ್ ಚರ್ಚಿನ ಪಾಸ್ಟರ್ ಆಗಿದ್ದವರು.

ಆ ಚರ್ಚಿನ ಚರಿತ್ರೆ ಓದಿದರೆ ಎದೆ ಭಾರವಾಗುತ್ತದೆ. 1829ರಲ್ಲಿ ಕೇಪ್ ಪ್ರಾಂತದ ಸಿನೊಡ್ ಮುಂದೆ, ಅಂದರೆ ಚರ್ಚಿನ ಆಡಳಿತ ಸಭೆಯ ಮುಂದೆ ಒಂದು ಪ್ರಶ್ನೆ ಬಂತು. ಬಿಳಿಯರೂ ಕಪ್ಪು ವಿಶ್ವಾಸಿಗಳೂ ಕರ್ತನ ಭೋಜನವನ್ನು, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸವನ್ನು ಒಟ್ಟಿಗೆ ತೆಗೆದುಕೊಳ್ಳಬೇಕಾ ಅಂತ. ಸಿನೊಡ್ ಚೆನ್ನಾಗಿಯೇ ಉತ್ತರ ಕೊಟ್ಟಿತು. ಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಕೊಡಬೇಕು, ಇದು ದೇವರ ವಾಕ್ಯದ ಮೇಲೆ ನಿಂತ ಅಲುಗದ ನಿಯಮ ಎಂದಿತು. ಮೂವತ್ತು ವರ್ಷವೂ ಆಗಲಿಲ್ಲ. 1857ರಲ್ಲಿ ಅದೇ ಸಿನೊಡ್ ಇನ್ನೊಂದು ತೀರ್ಮಾನ ಮಾಡಿತು. ಒಟ್ಟಿಗೆ ಸೇರುವುದೇ ಶಾಸ್ತ್ರಕ್ಕೆ ಸರಿ, ಆದರೆ 'ಕೆಲವರ ಬಲಹೀನತೆಯ ನಿಮಿತ್ತ' ಬೇರೆ ಕಟ್ಟಡದಲ್ಲಿ ಆರಾಧನೆ ಮಾಡಬಹುದು ಎಂದಿತು.

ಬಲಹೀನರು ಅಂದರೆ ಇಲ್ಲಿ ಯಾರು ಗೊತ್ತಾ? ಕಪ್ಪು ಮನುಷ್ಯನ ಪಕ್ಕ ಕೂತು ರೊಟ್ಟಿ ಮುರಿಯಲಾಗದ ಬಿಳಿಯರು. ಅವರ ಬಲಹೀನತೆಯನ್ನು ವಾಸಿ ಮಾಡಬೇಕಾದ ಸಭೆ ಅದಕ್ಕೊಂದು ಕಟ್ಟಡ ಕಟ್ಟಿಕೊಟ್ಟಿತು. 1881ರಲ್ಲಿ ಮಿಶ್ರ ವರ್ಣದವರಿಗೆ ಪ್ರತ್ಯೇಕ ಮಿಷನ್ ಚರ್ಚೇ ಆಯಿತು. ಮುಂದೆ ಅದಕ್ಕೆ ದೇವಶಾಸ್ತ್ರವೂ ಹುಟ್ಟಿತು. ದೇವರೇ ಜನಾಂಗಗಳನ್ನು ಬೇರೆ ಬೇರೆ ಇಟ್ಟಿದ್ದಾನೆ, ಬೇರೆಯಾಗಿ ಇರುವುದೇ ಆತನ ಚಿತ್ತ ಅಂತ. ಈ ಕ್ರಮವನ್ನು ಗಮನಿಸಿ. ಮೊದಲು ಮೇಜು ಬೇರೆಯಾಯಿತು. ಅದನ್ನು ಸಮರ್ಥಿಸುವ ವಚನಗಳನ್ನು ಆಮೇಲೆ ಹುಡುಕಿದರು. ಅಂತಿಯೋಕ್ಯದಲ್ಲಿ ಪೌಲ ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡಿದ ಅಂತ ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ಬೈಬಲ್ ಅಧ್ಯಯನಕ್ಕೆ ಬರುವ ಹುಡುಗನೊಬ್ಬ ಮೊನ್ನೆ ಕೇಳಿದ. "ಬ್ರದರ್, ಕಪ್ಪು ಜನ ಹಾಮನ ಶಾಪದಿಂದ ಬಂದವರು ಅಂತ ಬೈಬಲ್ಲಿನಲ್ಲೇ ಇದೆಯಂತಲ್ಲ?" ಎಲ್ಲೋ ವಿಡಿಯೊದಲ್ಲಿ ಕೇಳಿದ್ದನಂತೆ. ಪಾಪ, ಅವನು ಮೊದಲನೆಯವನೇನಲ್ಲ. ನೂರಾರು ವರ್ಷ ಗುಲಾಮರ ವ್ಯಾಪಾರ ಈ ಮಾತಿನ ಆಸರೆಯಲ್ಲಿ ನಡೆದಿದೆ. ಆದಿಕಾಂಡ ಒಂಬತ್ತನೇ ಅಧ್ಯಾಯವನ್ನು ನಿಧಾನವಾಗಿ ಓದು ಅಂದೆ. ಅಲ್ಲಿ ಶಾಪ ಬಿದ್ದದ್ದು ಹಾಮನ ಮೇಲಲ್ಲ, ಅವನ ಮಗ ಕಾನಾನನ ಮೇಲೆ. ಶಪಿಸಿದ್ದು ದೇವರಲ್ಲ, ದ್ರಾಕ್ಷಾರಸದ ಅಮಲು ಇಳಿದು ಎದ್ದ ಹಾಮನ ತಂದೆ ನೋಹ. ಮೈಬಣ್ಣದ ಸುದ್ದಿ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಹಾಮನಿಗೆ ಕೂಷ್ ಅನ್ನುವ ಇನ್ನೊಬ್ಬ ಮಗನಿದ್ದ. ಆಫ್ರಿಕಾದ ಕೂಷ್ಯರು ಅವನ ಸಂತತಿ ಎನ್ನುತ್ತಾರೆ. ಅವನ ಮೇಲೆ ಯಾವ ಶಾಪವೂ ಇಲ್ಲ.

ಹಾಮನ ಕಥೆ ಹೇಳುವವರು ಬೈಬಲ್ಲಿನ ಅರಣ್ಯಕಾಂಡದ ಹನ್ನೆರಡನೇ ಅಧ್ಯಾಯಕ್ಕೆ ಬರುವುದೇ ಇಲ್ಲ. ಮೋಶೆ ಕೂಷ್ ದೇಶದ ಹೆಂಗಸನ್ನು ಮದುವೆಯಾದದ್ದಕ್ಕೆ ಅವನ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಗೊಣಗಿದರು. ದೇವರು ಕೋಪಗೊಂಡದ್ದು ಗೊಣಗಿದವರ ಮೇಲೆ. ಮಿರ್ಯಾಮಳ ಮೈ ತೊನ್ನು ಹತ್ತಿ ಹಿಮದ ಹಾಗೆ ಬೆಳ್ಳಗಾಯಿತು.

ನಾವು ಇವತ್ತು ತಿಳಿದಿರುವ ಅರ್ಥದ 'ಜನಾಂಗ' ಬೈಬಲ್ ಕಾಲದ್ದೇ ಅಲ್ಲ. ಅಲ್ಲಿ ಕುಲ ಇದೆ, ಭಾಷೆ ಇದೆ, ದೇಶ ಇದೆ. ಮನುಷ್ಯರನ್ನು ಮೈಬಣ್ಣ, ಮುಖಲಕ್ಷಣ ನೋಡಿ ನಾಲ್ಕೈದು ಜಾತಿಯಾಗಿ ವಿಂಗಡಿಸುವುದು ಈಚಿನ ಕೆಲಸ. ಔರಂಗಜೇಬನ ಆಸ್ಥಾನ ನೋಡಿಹೋದ ಫ್ರೆಂಚ್ ವೈದ್ಯ ಬರ್ನಿಯರ್ 1684ರಲ್ಲಿ ಅಂಥ ಒಂದು ಪಟ್ಟಿ ಪ್ರಕಟಿಸಿದ. 1758ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಒಂದೊಂದು ಗುಂಪಿಗೂ ಸ್ವಭಾವವನ್ನೇ ಅಂಟಿಸಿದ. ಯುರೋಪಿನವನು ಕಾನೂನಿನ ಪ್ರಕಾರ ನಡೆಯುತ್ತಾನಂತೆ, ಆಫ್ರಿಕಾದವನು ಮನಸ್ಸಿಗೆ ಬಂದ ಹಾಗೆ ನಡೆಯುತ್ತಾನಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ತಲೆಬುರುಡೆ ಅಳೆದ. ಜನಾಂಗಗಳು ಒಂದೇ ಮೂಲದಿಂದ ಬಂದಿಲ್ಲ ಅನ್ನುವ ವಾದಕ್ಕೆ ಆ ಅಳತೆಗಳೇ ಆಧಾರವಾದವು. ಇದು ನೇರವಾಗಿ ಅಪೊಸ್ತಲರ ಕೃತ್ಯಗಳು 17:26ರ ವಿರುದ್ಧದ ಮಾತು. ದೇವರು ಒಬ್ಬನಿಂದಲೇ ಎಲ್ಲ ಜನಾಂಗಗಳನ್ನು ಹುಟ್ಟಿಸಿದ ಎಂದು ಪೌಲ ಅಥೇನೆಯಲ್ಲಿ ಹೇಳಿದ್ದ.

ಇಲ್ಲಿ ಕ್ರೈಸ್ತರು ಗೆದ್ದೆವು ಅಂತ ಹೇಳಿಕೊಳ್ಳುವ ಆಸೆ ಆಗುತ್ತದೆ. ಆದರೆ ಹಾಗೆ ಹೇಳಲು ಬರುವುದಿಲ್ಲ. ಅಮೆರಿಕದ ದಕ್ಷಿಣದ ಎಷ್ಟೋ ಪಾಸ್ಟರುಗಳು ಆದಾಮನೊಬ್ಬನೇ ಎಲ್ಲರ ಮೂಲಪುರುಷ ಎಂದು ಗಟ್ಟಿಯಾಗಿ ವಾದಿಸಿದರು. ಅದೇ ಬಾಯಲ್ಲಿ ಗುಲಾಮಗಿರಿಯನ್ನೂ ಸಮರ್ಥಿಸಿದರು. ವರ್ಜೀನಿಯಾದಲ್ಲಂತೂ 1667ರಲ್ಲೇ ಒಂದು ಕಾನೂನು ಬಂದಿತ್ತು. ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಗುಲಾಮನಿಗೆ ಬಿಡುಗಡೆ ಇಲ್ಲ ಎಂದು. ಕ್ರಿಸ್ತನಲ್ಲಿ ಸಹೋದರ, ಹೊಲದಲ್ಲಿ ಆಸ್ತಿ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಹೊರಬಂದ ಕಥೆ ಇಲ್ಲ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಅನ್ನುವ ಭೇದ ಇಲ್ಲ ಎನ್ನುವ ಗಲಾತ್ಯ 3:28 ಇಲ್ಲ. ದೇವರ ವಾಕ್ಯ ಏನು ಮಾಡಬಲ್ಲದು ಅಂತ ಅದನ್ನು ಕತ್ತರಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕತ್ತರಿಸಿದರು.

ಇದೆಲ್ಲ ಬಹಳ ಹಳೆಯ ಕಾಲದ್ದು ಅನ್ನುವ ಹಾಗೂ ಇಲ್ಲ. 1959ರಲ್ಲಿ ವರ್ಜೀನಿಯಾದ ನ್ಯಾಯಾಧೀಶನೊಬ್ಬ, ಬಿಳಿ ಗಂಡ ಮತ್ತು ಕಪ್ಪು ಹೆಂಡತಿಯ ಮದುವೆ ಅಪರಾಧ ಎಂದು ತೀರ್ಪು ಕೊಟ್ಟ. ಸರ್ವಶಕ್ತನಾದ ದೇವರು ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟಿದ್ದಾನೆ, ಅವು ಬೆರೆಯಬಾರದು ಅನ್ನುವುದೇ ಆತನ ಉದ್ದೇಶ ಅಂತ 1965ರಲ್ಲಿ ಆ ತೀರ್ಪನ್ನು ರದ್ದು ಮಾಡಲು ಒಪ್ಪದೆ ಕಾರಣ ಬರೆದ. ಅಂಥ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಲವಿಂಗ್ ದಂಪತಿಯ ಅದೇ ಕೇಸಿನಲ್ಲಿ ರದ್ದು ಮಾಡಿತು.

ಇನ್ನು ಈಗಿನ ವಾದಗಳು. ಬಿಳಿಯರ ಶ್ರೇಷ್ಠತೆಯನ್ನು ಶಿಲುಬೆಯ ಗುರುತಿನಡಿ ಸಾರುವವರು ಈಗಲೂ ಇದ್ದಾರೆ. ಬಿಳಿಯರೇ ನಿಜವಾದ ಇಸ್ರಾಯೇಲ್ ಅನ್ನುವ ಪಂಗಡಗಳೂ ಇವೆ. ಅವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಸುಳ್ಳು ಸುವಾರ್ತೆ.

ಯೋಚಿಸಬೇಕಾದದ್ದು ಬೇರೆ ಎರಡು ವಾದಗಳ ಬಗ್ಗೆ. "ನನಗೆ ಬಣ್ಣವೇ ಕಾಣುವುದಿಲ್ಲ, ಕಾನೂನು ಬದಲಾಯಿತು, ಮುಗಿಯಿತು" ಅನ್ನುವವರು ಒಂದು ಕಡೆ. ಸಭೆಯಲ್ಲಿ ಈ ಮಾತು ಬಹಳ ಹಿತವಾಗಿ ಕೇಳುತ್ತದೆ. ಆದರೆ ಪ್ರವಾದಿ ಯೆಶಾಯ ಹತ್ತನೇ ಅಧ್ಯಾಯದಲ್ಲಿ ಅನ್ಯಾಯದ ಕಟ್ಟಳೆಗಳನ್ನು ಬರೆಯುವವರಿಗೆ ಅಯ್ಯೋ ಎನ್ನುತ್ತಾನೆ. ಪಾಪ ಮನಸ್ಸಿನಲ್ಲಷ್ಟೇ ಇರುವುದಿಲ್ಲ, ಕಾಗದದ ಮೇಲೂ ಇರುತ್ತದೆ ಅಂತಾಯಿತಲ್ವಾ? 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆಯಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಹಾಕಿತು. ಅಂಥ ಕಡೆ ಮನೆ ಸಾಲ ಸಿಗುವುದು ಕಷ್ಟವಾಯಿತು. ಸ್ವಂತ ಮನೆ ಇಲ್ಲದವನು ಮಕ್ಕಳಿಗೆ ಏನು ಬಿಟ್ಟು ಹೋಗುತ್ತಾನೆ? ನಿಯಮ ಹೋದ ಮೇಲೂ ಆ ನಷ್ಟ ಉಳಿಯುತ್ತದೆ. ಕಾನೂನಿನ ಪ್ರೊಫೆಸರ್ ಡೆರಿಕ್ ಬೆಲ್ ಮತ್ತು ಅವರ ಜೊತೆಯವರು ಎತ್ತಿದ ಪ್ರಶ್ನೆ ಇದೇ ಜಾತಿಯದು. ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೂ ತಾರತಮ್ಯ ಯಾಕೆ ಉಳಿದಿದೆ ಅಂತ. ಆ ಪ್ರಶ್ನೆಗೆ ಕ್ರೈಸ್ತನು ಹೆದರಬೇಕಾಗಿಲ್ಲ. ಇನ್ನೊಂದು ಮಾತು. ಪ್ರಕಟನೆ 7:9ರಲ್ಲಿ ಸಿಂಹಾಸನದ ಮುಂದೆ ನಿಂತವರು ಸಕಲ ಜನಾಂಗ, ಕುಲ, ಪ್ರಜೆ, ಭಾಷೆಗಳವರು. ಅದು ಯೋಹಾನನ ಕಣ್ಣಿಗೆ ಕಂಡಿತು. ಪರಲೋಕದಲ್ಲೂ ಅಳಿಸಿಹೋಗದ್ದನ್ನು ನಾವು ಇಲ್ಲಿ ಕಾಣದ ಹಾಗೆ ನಟಿಸುವುದು ಬೇಡ.

ಇನ್ನೊಂದು ಕಡೆ, ಮನುಷ್ಯನನ್ನು ಮೊದಲು ಬಣ್ಣದಿಂದಲೇ ಅಳೆಯುವ ವಾದ. ಈ ಬಣ್ಣದವನು ಹುಟ್ಟಿನಿಂದಲೇ ಅಪರಾಧಿ, ಆ ಬಣ್ಣದವನು ಹುಟ್ಟಿನಿಂದಲೇ ನಿರ್ದೋಷಿ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಮಗನು ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಯೆಹೆಜ್ಕೇಲ 18ರಲ್ಲಿ ಸ್ಪಷ್ಟವಾಗಿದೆ. ಅದಕ್ಕಿಂತ ಹೆಚ್ಚಾಗಿ, ಆ ವಾದದಲ್ಲಿ ಕ್ಷಮೆಗೆ ಜಾಗವೇ ಇಲ್ಲ. ಎಷ್ಟು ಅರಿಕೆ ಮಾಡಿದರೂ ಸಾಲ ತೀರುವುದಿಲ್ಲ, ಮೇಜಿಗೆ ಕರೆಯುವವರು ಯಾರೂ ಇಲ್ಲ.

ಹಾಗಂತ ಯೆಹೆಜ್ಕೇಲನನ್ನು ಓದಿ ದಾನಿಯೇಲನನ್ನು ಮುಚ್ಚಿಡುವುದೂ ಸರಿಯಲ್ಲ. ದಾನಿಯೇಲ ಒಂಬತ್ತನೇ ಅಧ್ಯಾಯದಲ್ಲಿ ತಾನು ಮಾಡದ ಪಾಪಗಳಿಗೆ 'ನಾವು ಪಾಪಮಾಡಿದೆವು' ಎನ್ನುತ್ತಾನೆ. ಯಾರೂ ಒತ್ತಾಯ ಮಾಡಿರಲಿಲ್ಲ. ತನ್ನ ಜನ ಅನ್ನುವ ಪ್ರೀತಿಯಿಂದ ಹೇಳಿದ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಇನ್ನೂ ಮುಂದೆ ಹೋಗಿ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಯೇಸು ಅವನಿಗೆ ಅಷ್ಟೆಲ್ಲ ಬೇಡ ಅನ್ನಲಿಲ್ಲ.

ಅರಿಕೆ, ಕ್ಷಮೆ ಎರಡೂ ಒಟ್ಟಿಗೆ ಬಂದದ್ದನ್ನು ನಾನು ನೋಡುವುದು ಮತ್ತೆ ದಕ್ಷಿಣ ಆಫ್ರಿಕಾದಲ್ಲೇ. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ವಿಶ್ವ ರಿಫಾರ್ಮ್ಡ್ ಸಭೆಗಳು ಅಪಾರ್ಥೈಡ್ ಪಾಪ, ಅದನ್ನು ದೇವಶಾಸ್ತ್ರದಿಂದ ಸಮರ್ಥಿಸುವುದು ದುರ್ಬೋಧನೆ ಎಂದು ಸಾರಿದವು. ಅದೇ ವರ್ಷ ಆ ಪ್ರತ್ಯೇಕ ಮಿಷನ್ ಚರ್ಚಿನವರು ಬೆಲ್ಹಾರ್ ವಿಶ್ವಾಸಪ್ರಮಾಣದ ಕರಡು ಬರೆದರು. 1986ರಲ್ಲಿ ಅದನ್ನು ಅಂಗೀಕರಿಸಿದರು. ಹೊರಗಿನ ಕಟ್ಟಡಕ್ಕೆ ಕಳಿಸಲ್ಪಟ್ಟವರೇ ಸಭೆ ಒಂದೇ ಅಂತ ಕಳಿಸಿದವರಿಗೆ ಹೇಳಿಕೊಟ್ಟರು. 1990ರ ನವೆಂಬರಿನಲ್ಲಿ ರಸ್ಟನ್‌ಬರ್ಗ್‌ನಲ್ಲಿ ನಡೆದ ಚರ್ಚುಗಳ ಸಮ್ಮೇಳನದಲ್ಲಿ ಡಚ್ ರಿಫಾರ್ಮ್ಡ್ ಚರ್ಚಿನ ದೇವಶಾಸ್ತ್ರಜ್ಞ ವಿಲ್ಲಿ ಯೊಂಕರ್ ಎದ್ದು ನಿಂತು, ತನ್ನ ಪಾಪವನ್ನೂ ತನ್ನ ಸಭೆಯ ಪಾಪವನ್ನೂ ಅರಿಕೆ ಮಾಡಿದರು. ಕಪ್ಪು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ಆ ಅರಿಕೆಯನ್ನು ಸ್ವೀಕರಿಸಿ ಕ್ಷಮೆ ಹೇಳಿದರು. ಟುಟು ಹಾಗೆ ಹೇಳಬಾರದಿತ್ತು, ಬೇಗ ಆಯಿತು ಅಂತ ಬೇಸರಪಟ್ಟವರೂ ಇದ್ದರು. ಅವರ ನೋವೂ ನನಗೆ ಅರ್ಥವಾಗುತ್ತದೆ. ಕ್ಷಮೆ ಸಿಕ್ಕಿತು ಅಂತ ಹಿಂದಿರುಗಿಸಬೇಕಾದ್ದು ಇಲ್ಲದೆ ಹೋಗುವುದಿಲ್ಲ.

1994ರಲ್ಲಿ ಮಿಷನ್ ಚರ್ಚು, ಆಫ್ರಿಕನ್ನರಿಗಾಗಿ ಇದ್ದ ಇನ್ನೊಂದು ಚರ್ಚಿನ ಜೊತೆ ಸೇರಿ ಒಂದಾಯಿತು. ಬಿಳಿಯರ ಹಳೆಯ ಡಚ್ ರಿಫಾರ್ಮ್ಡ್ ಚರ್ಚು ಆ ಐಕ್ಯಕ್ಕೆ ಇನ್ನೂ ಸೇರಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆದಿದೆ. ಮುಂದಿನ ಗುರುವಾರ ಕರ್ತನ ಕೊನೆಯ ಊಟದ ದಿನ. ಆ ಎರಡೂ ಸಭೆಗಳ ಹೆಸರು ಹೇಳಿ ಪ್ರಾರ್ಥಿಸಬೇಕು ಅಂತ ನಮ್ಮ ಅಧ್ಯಯನದ ಗುಂಪಿಗೆ ಬರೆದಿದ್ದೇನೆ. ಆ ಹುಡುಗನಿಗೆ ಗಲಾತ್ಯ ಎರಡನೇ ಅಧ್ಯಾಯ ಓದುವ ಜವಾಬ್ದಾರಿ ಕೊಟ್ಟಿದ್ದೇನೆ.