ಕಂಬಳಿ, ಹಸುಬೆ, ಹುರಿಹಿಟ್ಟು: ಹಳೆಯ ಗಂಟಿನೊಂದಿಗೆ ಕೊಡಚಾದ್ರಿಗೆ

ಘಟ್ಟದ ಮೇಲಿನ ಅಡಿಕೆ, ಮೆಣಸು ಕೆಳಗಿಳಿದು ಕರಾವಳಿಯ ಉಪ್ಪು ಮೇಲೆ ಹತ್ತುತ್ತಿದ್ದ ಕಾಲದಲ್ಲಿ ದಾರಿ ನಡೆಯುವವರ ಹೆಗಲ ಮೇಲೆ ಏನೇನಿರುತ್ತಿತ್ತು? ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು, ಅಂದರೆ ಈಗಿನ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು. ಅಲ್ಲಿನ ಕೋಟೆ ನೋಡಿದಾಗಲೆಲ್ಲ ನನಗೆ ಅರಸರಿಗಿಂತ ಹೇರೆತ್ತುಗಳ ಹಿಂದೆ ನಡೆದವರ ನೆನಪೇ ಹೆಚ್ಚು. ಅವರ ಹಾಗೆ ಗಂಟು ಕಟ್ಟಿಕೊಂಡು ಒಂದು ಬೆಟ್ಟವನ್ನಾದರೂ ಹತ್ತಬೇಕೆಂದು ನಾನೂ ಭಾವನೂ ಅಕ್ಟೋಬರ್‌ನಲ್ಲಿ ಕೊಡಚಾದ್ರಿ ಬುಡದ ನಿಟ್ಟೂರು ಸೇರಿದೆವು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಗಂಟಿನಲ್ಲಿ ಮೊದಲ ಸ್ಥಾನ ಕರಿ ಕಂಬಳಿಗೆ. ಚಿತ್ರದುರ್ಗದ ಕಡೆ ಗುಂಡಿಮಗ್ಗದಲ್ಲಿ ನೇಯ್ದದ್ದು. ನೇಯುವ ಮೊದಲು ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಹೊಸ ಕಂಬಳಿ ಅಷ್ಟು ಬಿರುಸಾಗಿರುವುದೂ, ಹನಿಮಳೆ ಅದರ ಮೇಲಿಂದ ಜಾರಿಹೋಗುವುದೂ ಅದರಿಂದಲೇ. ನಾವು ಉಳಿದುಕೊಂಡ ಮನೆಯ ಅಜ್ಜ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದನ್ನ ಮಾತ್ರ ತೊಳಿಬೇಡ ಮಾರಾಯ, ಗಂಜಿ ಹೋದ್ರೆ ನೀರು ಕುಡಿಯುತ್ತೆ” ಎಂದರು. ಒಂದು ಮೂಲೆಯನ್ನು ಒಳಮಡಚಿ ತಲೆಗೇರಿಸಿ ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟರೆ ಕೊಪ್ಪೆ. ಕೈ ಎರಡೂ ಖಾಲಿ. ರಾತ್ರಿ ಜಗಲಿಯಲ್ಲಿ ಅದೇ ಹಾಸಿಗೆ, ಅದೇ ಹೊದಿಕೆ. ಭಾರ ನಿಜ, ನೆನೆದರಂತೂ ಇನ್ನೂ ಭಾರ. ಆದರೆ ಉಣ್ಣೆ ನೆನೆದರೂ ಎಳೆಗಳ ನಡುವೆ ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ. ಹತ್ತಿಯ ಪಂಚೆಗೆ ಆ ಗುಣವಿಲ್ಲ.

ಸಾಮಾನು ಹೊರಲು ಹಸುಬೆ. ನಡುವೆ ಬಾಯಿ, ಎರಡು ತುದಿಗೂ ಚೀಲ. ಹೆಗಲ ಮೇಲೆ ಹಾಕಿದರೆ ಎದೆಗಿಷ್ಟು, ಬೆನ್ನಿಗಿಷ್ಟು. ತೂಕ ಸರಿಯಾಗಿ ಹಂಚಿದ್ದರೆ ಪಟ್ಟಿ ಎಳೆಯುವ ಚೀಲಕ್ಕಿಂತ ಸುಖ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿಗೆ ಸೋರೆ ಬುರುಡೆ. ಚೆನ್ನಾಗಿ ಒಣಗಿಸಿ, ಬೀಜ ತೆಗೆದು, ಒಳಗೆ ಸಣ್ಣ ಕಲ್ಲು ಹಾಕಿ ಕುಲುಕಿ ತಿರುಳು ಕೆರೆದು, ಕಹಿ ಬಿಡುವ ತನಕ ನೀರು ತುಂಬಿ ಚೆಲ್ಲುತ್ತಿರಬೇಕು. ತಾಮ್ರದ ತಂಬಿಗೆಗಿಂತ ಎಷ್ಟೋ ಹಗುರ.

ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ಚಕಮಕಿ ಹೊಡೆದೆವು. ಒಂದು ಬೆಣಚುಕಲ್ಲು, ಹಳೆಯ ಅರದ ತುಂಡು, ಬೈನೆ ಮರದ ಎಲೆಬುಡದಿಂದ ಕೆರೆದು ತೆಗೆದ ಕಂದು ನವಿರು. ಕಲ್ಲಿನ ಅಂಚಿನಲ್ಲಿ ನವಿರನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಉಕ್ಕಿನಿಂದ ಮೇಲಿಂದ ಕೆಳಕ್ಕೆ ಗೀರಬೇಕು. ಕಿಡಿ ಬಿದ್ದಾಗ ಉರಿ ಏಳುವುದಿಲ್ಲ. ಸಾಸಿವೆಯಷ್ಟು ಕೆಂಪು ಚುಕ್ಕೆ ಮೆಲ್ಲಗೆ ಹರಡುತ್ತದೆ. ಅದನ್ನು ತೆಂಗಿನ ನಾರಿನ ಉಂಡೆಯಲ್ಲಿಟ್ಟು ಊದಿದರೆ ಹೊಗೆ, ಆಮೇಲೆ ಬೆಂಕಿ. ಚಕಮಕಿಯನ್ನೂ ಕತ್ತಿಯನ್ನೂ ಅಲ್ಲೇ ಬಿಟ್ಟು ಹೊರಟೆವು. ಅಭಯಾರಣ್ಯದ ಒಳಗೆ ಬೆಂಕಿ ಸಲ್ಲದು, ಕತ್ತಿಯೂ ಸಲ್ಲದು. ಹಳೆಯ ಕಾಲದವರಂತೆ ನಡೆಯುವ ಆಸೆಗೆ ಕಾಡನ್ನು ಬಲಿಕೊಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಬುತ್ತಿಯೆಲ್ಲ ಒಲೆ ಬೇಡದ್ದು: ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಒಣಕೊಬ್ಬರಿ, ಉಪ್ಪು.

ಅರಣ್ಯ ಇಲಾಖೆಯ ಅನುಮತಿ ಪಡೆದು ಹಿಡ್ಲುಮನೆ ಜಲಪಾತದ ದಾರಿ ಹಿಡಿದೆವು. ಉಂಬಳಗಳು, ಅಂದರೆ ಕಾಡಿನ ಜಿಗಣೆಗಳು, ಎಲೆ ಎಲೆಯ ಮೇಲೂ ಕಾಯುತ್ತಿದ್ದವು. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲಿಗೆ ಬಳಿದಿದ್ದೆವು; ಹಳ್ಳ ದಾಟಿದಾಗಲೆಲ್ಲ ಮತ್ತೆ ಬಳಿಯಬೇಕಾಯಿತು. ಕಾಡು ಮುಗಿದು ಹುಲ್ಲುಗಾವಲು ಬಂದದ್ದೇ ಗಾಳಿ ಜೋರಾಯಿತು, ಮಂಜು ಮುಚ್ಚಿತು. 1,343 ಮೀಟರ್ ಎತ್ತರದ ನೆತ್ತಿಯಲ್ಲಿ ಸರ್ವಜ್ಞಪೀಠದ ಪುಟ್ಟ ಕಲ್ಲುಮಂಟಪ. ಅದರ ಹತ್ತಿರ ಕೊಪ್ಪೆ ಹೊದ್ದು ಕೂತು, ಅಂಗೈಯಲ್ಲಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಬುರುಡೆಯ ನೀರು ಹಾಕಿ ಕಲಸಿ ಉಂಡೆ ಮಾಡಿದೆವು. ಎರಡು ಉಂಡೆಗೆ ಹೊಟ್ಟೆ ಗಟ್ಟಿಯಾಯಿತು. ಇಳಿದು ನಿಟ್ಟೂರು ಮುಟ್ಟುವ ತನಕ ಹಸಿವೆನಿಸಲಿಲ್ಲ.

ಬಗೆಹರಿಯದೆ ಉಳಿದದ್ದು ಮೆಟ್ಟು. ಹದ ಮಾಡಿದ ಚರ್ಮದ ಚಪ್ಪಲಿ ಒಣ ದಾರಿಗೆ ಸೊಗಸು, ಪಾಚಿಗಲ್ಲಿನ ಮೇಲೆ ನಿಲ್ಲುವುದೇ ಇಲ್ಲ. ಜಲಪಾತದ ಏರಿನಲ್ಲಿ ಅದನ್ನು ಹಸುಬೆಗೆ ಸೇರಿಸಿ ಬರಿಗಾಲಲ್ಲಿ ಹತ್ತಿದೆವು. ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸಿದರೆ ಹಿಡಿತ ಬರಬಹುದೆಂದು ಭಾವ ಹೇಳುತ್ತಾರೆ. ಬೇಸಿಗೆಯಲ್ಲಿ ನಗರದಿಂದ ಹೊಸಂಗಡಿಯತ್ತ ಘಟ್ಟ ಇಳಿಯುವ ಯೋಚನೆಯಿದೆ. ಅಷ್ಟರೊಳಗೆ ಒಂದು ಜೊತೆಗೆ ಹೊಡೆಸಿ ನೋಡಬೇಕು.